ಎಡಕ್ಕೆ ವಾಲಿದ ಕಚ್ಚುಗಳು

ಗೋಡೆಗೂ ಕಿವಿಯುಂಟು ಎಂದು ಲೋಕ ಹೇಳುತ್ತದೆ. ಸುಣ್ಣದ ಮೇಸ್ತ್ರಿಯವರ ಮಟ್ಟಿಗೆ ಗೋಡೆಗಿದ್ದದ್ದು ಬಾಯಿ. ಕಿವಿ ಇದ್ದದ್ದು ಅವರಿಗೆ. ಬಲಗೈಯ ನಡುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ಎರಡು ಸಲ ತಟ್ಟಿದರೆ ಸಾಕು, ಗಾರೆಯು ಒಳಗಿನ ಇಟ್ಟಿಗೆಯನ್ನು ಹಿಡಿದುಕೊಂಡಿದೆಯೋ ಕೈಬಿಟ್ಟಿದೆಯೋ, ಬಿಟ್ಟಿದ್ದರೆ ಎಷ್ಟಗಲ ಬಿಟ್ಟಿದೆ, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಹಿಡಿದುಕೊಂಡ ಗೋಡೆ 'ಠಕ್' ಎನ್ನುತ್ತದೆ. ಬಿಟ್ಟ ಗೋಡೆ 'ಡಬ್' ಎನ್ನುತ್ತದೆ. ಹಾಗೆ ಬಿಟ್ಟದ್ದನ್ನು ಅವರು ಪೊಳ್ಳು ಎಂದು ಕರೆಯುತ್ತಿದ್ದರು.

ಎಲ್ಲಿ ಹೋದರೂ ಈ ಚಟ ಅವರನ್ನು ಬಿಡುತ್ತಿರಲಿಲ್ಲ. ಒಮ್ಮೆ ಬೀದಿಯ ಮೂಲೆಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರು, ಕೈ ಚಾಚಿ ಕನ್ನಡಿಯ ಪಕ್ಕದ ಗೋಡೆ ತಟ್ಟಿದರು.

“ಪೊಳ್ಳು ಕಣಯ್ಯಾ. ನಿನ್ನ ಕನ್ನಡಿ ಈ ಮಳೆಗಾಲ ದಾಟೋದಿಲ್ಲ.”

“ಮೇಸ್ತ್ರೀ, ಕತ್ತಿ ನನ್ನ ಕೈಲಿದೆ, ನೆನಪಿರಲಿ. ಇನ್ನೊಂದು ಮಾತಾಡಿದ್ರೆ ಅರ್ಧ ಮೀಸೇಲಿ ಮನೆಗೆ ಕಳಿಸ್ತೀನಿ,” ಎಂದರು ಅಂಗಡಿಯವರು.

ಮೂರು ತಿಂಗಳಿಗೆ ಕನ್ನಡಿ ಗಾರೆಯ ಸಮೇತ ನೆಲಕ್ಕೆ ಬಂತು. ಅಂದಿನಿಂದ ಆ ಅಂಗಡಿಯವರು ಬಂದ ಗಿರಾಕಿಗೆಲ್ಲ ಈ ಕಥೆಯನ್ನು ಹೇಳದೆ ಕತ್ತಿ ಎತ್ತುತ್ತಿರಲಿಲ್ಲ. ಇಬ್ಬರೂ ಆಪ್ತ ಸ್ನೇಹಿತರಾದದ್ದು ಹಾಗೆ.

ಮೇಸ್ತ್ರಿಯವರಿಗೆ ಈ ವಿದ್ಯೆ ಬಂದದ್ದು ತಂದೆಯಿಂದ. ಆ ತಂದೆ ಮಗನಿಗೆ ಕಲಿಸಿದ್ದು ಒಂದೇ ಒಂದು ನಿಯಮ: “ತಟ್ಟಿದವನು ಕೈ ತೆಗೆಯೋ ಮುಂಚೆ ಹೇಳಿಬಿಡಬೇಕು. ಕೈ ತೆಗೆದ ಮೇಲೆ ಮನಸ್ಸು ವಕೀಲಿಕೆ ಶುರು ಮಾಡುತ್ತೆ. ಮನೆಯವನ ಮುಖ ನೋಡ್ತೀಯ, ಪಾಪ ಅನ್ಸುತ್ತೆ, ಪೊಳ್ಳನ್ನು ಗಟ್ಟಿ ಅಂತೀಯ. ಆಮೇಲೆ ಅದು ಯಾರ ತಲೆ ಮೇಲೋ ಬೀಳುತ್ತೆ.” ಮೇಸ್ತ್ರಿಯವರು ಅರುವತ್ತೆಂಟು ದಾಟಿದರೂ ಆ ಮಾತನ್ನು ಮೀರಿದವರಲ್ಲ.

ಅವರ ಬೀದಿಗೆ ಕಳಸವಿಟ್ಟಂತೆ ಇದ್ದದ್ದು ತೂಕದ ಮನೆ. ಮೋಟಾರು ಬಂಡಿಗಳು ಇಲ್ಲದ ಕಾಲದಲ್ಲಿ ಪೇಟೆಗೆ ಬರುವ ಸರಕಿನ ಗಾಡಿಗಳನ್ನೆಲ್ಲ ಅಲ್ಲಿ ನಿಲ್ಲಿಸಿ ತೂಗುತ್ತಿದ್ದರಂತೆ. ಎದುರಿಗೆ ಐದು ಕಮಾನುಗಳು. ಪ್ರತಿಯೊಂದರ ನೆತ್ತಿಯಲ್ಲಿ ಗಾಡಿಯ ಗಾಲಿಯಂತಹ ಒಂದು ದುಂಡು ಕಿಟಕಿ. ಬಾಗಿಲ ಹಾಸುಗಲ್ಲಿನಲ್ಲಿ ಚಕ್ರಗಳು ಉಜ್ಜಿ ಉಜ್ಜಿ ಮೂಡಿದ ಎರಡು ಗೀರುಗಳು ಎಷ್ಟು ಆಳವೆಂದರೆ, ಮಳೆ ಬಂದಾಗ ಅವು ಎರಡು ಪುಟ್ಟ ಕಾಲುವೆಗಳಾಗುತ್ತಿದ್ದವು. ಮಾಳಿಗೆಯ ನೀರು ಇಳಿಯಲು ಮೀನಿನ ಬಾಯಿಯ ಆಕಾರದ ಕಲ್ಲಿನ ದೋಣಿಗಳಿದ್ದವು. ಒಂದು ಮೀನಿಗೆ ಕೆಳದವಡೆ ಇರಲಿಲ್ಲ. ಮೇಸ್ತ್ರಿಯವರ ತಾತ ಅದನ್ನು ಸರಿಮಾಡುತ್ತೇನೆಂದು ಹೇಳಿ ಹೋದವರು, ಮೊಮ್ಮಗ ಮುದುಕನಾದರೂ ಅದು ಹಾಗೆಯೇ ಇತ್ತು.

ಮೂರು ತಲೆಮಾರಿನಿಂದ ಆ ಕಟ್ಟಡದ ಗಾರೆಯ ಪೋಷಣೆ ಆ ಮನೆತನದ್ದು. ಹಿತ್ತಲಿನಲ್ಲಿ ಸುಣ್ಣದ ಗುಂಡಿ. ಅದರಲ್ಲಿ ನೀರು ಕುಡಿದು ಬೆಣ್ಣೆಯಾಗುತ್ತ ಮಲಗಿದ ಸುಣ್ಣ. ಸಿಮೆಂಟಿನ ಹೆಸರೆತ್ತಿದರೆ ಮೇಸ್ತ್ರಿಯವರು ಮೂಗು ಮುರಿಯುತ್ತಿದ್ದರು.

“ಸುಣ್ಣ ಅನ್ನೋದು ಹಳೇ ಕಾಲದ ಅತ್ತೆ ಇದ್ದ ಹಾಗೆ. ಒಲಿಯೋದು ತಡ. ಒಲಿದಳೋ, ನೂರು ವರ್ಷ ಕೈಬಿಡಲ್ಲ. ಸಿಮೆಂಟು ಹೊಸ ಅಳಿಯ. ಬಂದ ದಿನಾನೇ ಗಟ್ಟಿ ಮಾತು, ವರ್ಷ ತುಂಬೋದ್ರೊಳಗೆ ಬಿರುಕು.”

“ನಮ್ಮನೇಲಿ ಹೊಸ ಅಳಿಯ ಬರೋ ಯೋಗ ಇದ್ದಂಗಿಲ್ಲ ಬಿಡಿ,” ಎಂದು ಅವರ ಹೆಂಡತಿ ಒಳಗಿನಿಂದ ಚುಚ್ಚುತ್ತಿದ್ದರು. “ನಿಮ್ಮ ಮಗಳು ಗೋಡೆಗಳನ್ನೇ ಕಟ್ಟಿಕೊಂಡು ಕೂತಿದಾಳೆ.”

ಆ ಮಗಳು ಎಡಗೈಯವಳು. ಶಾಲೆಯಲ್ಲಿ ಬಳಪ ಹಿಡಿದ ದಿನದಿಂದ ಬೀದಿಯವರೆಲ್ಲ ಅವಳನ್ನು ಎಡಚಿ ಎಂದೇ ಕರೆದರು. ಕ್ಷೌರದಂಗಡಿಯವರು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ “ಎಡವಟ್ಟು” ಎನ್ನುತ್ತಿದ್ದರು. ಅವಳು ಅವರ ಅಂಗಡಿಯ ಬೋರ್ಡು ಬರೆದುಕೊಟ್ಟಾಗ, ಅದರಲ್ಲಿನ ಕತ್ತರಿಯನ್ನು ಎಡಗೈಯವರ ಕತ್ತರಿಯಂತೆ ಬರೆದಿದ್ದಳು. ಅದು ಅವರ ಕಣ್ಣಿಗೆ ಬೀಳಲು ನಾಲ್ಕು ವರ್ಷ ಬೇಕಾಯಿತು.

ಮೇಸ್ತ್ರಿಯವರು ಮಗಳಿಗೆ ಮೊದಲು ಕಲಿಸಿದ ಕೆಲಸ ಕಚ್ಚು ಹೊಡೆಯುವುದು. ಹಳೆಯ ಗಾರೆ ಕಿತ್ತ ಮೇಲೆ ಬರಿ ಇಟ್ಟಿಗೆಯ ಮೇಲೆ ಹೊಸ ಗಾರೆ ನಿಲ್ಲುವುದಿಲ್ಲ, ಜಾರುತ್ತದೆ. ಆದ್ದರಿಂದ ಚೂಪು ಸುತ್ತಿಗೆಯಿಂದ ಇಟ್ಟಿಗೆಯ ಮೈಮೇಲೆಲ್ಲ ಸಣ್ಣ ಸಣ್ಣ ಗಾಯ ಮಾಡಬೇಕು. ಆ ಗಾಯವೇ ಕಚ್ಚು. “ಕಚ್ಚು ಕೊಟ್ಟರೆ ಕಚ್ಚಿಕೊಳ್ಳುತ್ತೆ” ಎನ್ನುತ್ತಿದ್ದರು ಮೇಸ್ತ್ರಿ. ಬಲಗೈಯವನು ಹೊಡೆದ ಕಚ್ಚು ಬಲಕ್ಕೆ ವಾಲುತ್ತದೆ. ಮಗಳು ಹೊಡೆದದ್ದು ಎಡಕ್ಕೆ ವಾಲುತ್ತಿತ್ತು. ಅಪ್ಪ ಮಗಳು ಅಕ್ಕಪಕ್ಕ ನಿಂತು ಹೊಡೆದ ಗೋಡೆಯನ್ನು ನೋಡಿದರೆ, ಎರಡು ಕಡೆಯಿಂದ ಬೀಸಿದ ಗಾಳಿಗೆ ಹುಲ್ಲು ಬಾಗಿದ ಹಾಗೆ ಕಾಣುತ್ತಿತ್ತು.

ಚಿತ್ರ ಬರೆಯುವುದನ್ನು ಅವಳು ಶಾಲೆಗೆ ಹೋಗಿ ಕಲಿತಳು. ಅಂಗಡಿಯ ಬೋರ್ಡು, ಔಷಧಾಲಯದ ಕಿಟಕಿ, ಶಾಲೆಯ ಪಡಸಾಲೆ, ಹೀಗೆ ಬರೆಯುತ್ತ ಬರೆಯುತ್ತ ಅವಳಿಗೆ ಇಪ್ಪತ್ತೊಂಬತ್ತಾದಾಗ ಆ ದೊಡ್ಡ ಕೆಲಸ ಬಂತು. ತೂಕದ ಮನೆಯ ಮೂಡಲ ಗೋಡೆ, ಕಿಟಕಿಯೂ ಇಲ್ಲದ, ಎರಡು ಅಂತಸ್ತಿನ ಬೋಳು ಗೋಡೆ. ಅದರ ಮುಂದೆ ಒಂದು ಸಣ್ಣ ಚೌಕ, ಒಂದು ನಲ್ಲಿ, ಎರಡು ಕಲ್ಲು ಬೆಂಚು, ಗೋಡೆಗೇ ಬೆನ್ನು ಕೊಟ್ಟು ಕೂರುವ ಹಣ್ಣಿನಜ್ಜಿ. ಆ ಗೋಡೆಯ ಮೇಲೆ ಬೀದಿಯವರಿಗೆಲ್ಲ ಸೇರಿದ ಒಂದು ಚಿತ್ರವಿರಲಿ ಎಂದು ನಗರಸಭೆ ತೀರ್ಮಾನಿಸಿ, ಅವಳನ್ನು ಕೇಳಿತು.

ಗೋಡೆಯ ಹಳೆಯ ಗಾರೆ ಮುಕ್ಕಾಲು ಉದುರಿತ್ತು. ಮೇಸ್ತ್ರಿಯವರು ನೋಡಿ, “ಮೂರು ಪದರ ಸುಣ್ಣ. ಒಂದೊಂದು ಪದರಕ್ಕೂ ಸಾವಕಾಶ ಬೇಕು. ಒಂದು ಚಳಿ, ಒಂದು ಬೇಸಿಗೆ ಕಾಣಬೇಕು. ಒಟ್ಟು ಒಂದು ವರ್ಷ,” ಎಂದರು.

“ಒಂದು ವರ್ಷ ತಾನೇ ಅಪ್ಪ? ಕಾಯ್ತೀನಿ,” ಎಂದಳು ಮಗಳು. “ಗೋಡೆ ಹಣ್ಣಾಗೋ ಹೊತ್ತಿಗೆ ಚಿತ್ರಾನೂ ತಲೆಯೊಳಗೆ ಹಣ್ಣಾಗಿರುತ್ತೆ.”

ಇಬ್ಬರೂ ಸೇರಿ, ಬುಡದ ಗಟ್ಟಿ ಸಾಲೊಂದನ್ನು ಬಿಟ್ಟು, ಉಳಿದ ಹಳೆಯ ಗಾರೆ ಕಿತ್ತರು. ಹನ್ನೊಂದು ದಿನ ಕಚ್ಚು ಹೊಡೆದರು. ಹನ್ನೆರಡನೆಯ ದಿನ ಅವಳು ಅಟ್ಟಣಿಗೆಯ ಮೇಲೆ ಸುತ್ತಿಗೆ ಕೈಬಿಟ್ಟು ಕುಳಿತುಬಿಟ್ಟಳು. ತೋಳಿನಲ್ಲಿ ಶಕ್ತಿಯಿಲ್ಲ ಎಂದಳು. ತೋಳಿನ ತುಂಬ ನೀಲಿ ಕಲೆಗಳಿದ್ದವು.

ಆಸ್ಪತ್ರೆಯಲ್ಲಿ ವಾರಗಟ್ಟಲೆ ರಕ್ತ ಪರೀಕ್ಷೆಯಾಯಿತು. ಕೊನೆಗೆ ಒಂದು ಮಧ್ಯಾಹ್ನ ಡಾಕ್ಟರು ಮೇಸ್ತ್ರಿಯವರನ್ನು ಪಡಸಾಲೆಯ ತುದಿಗೆ ಕರೆದೊಯ್ದರು. ಮೇಸ್ತ್ರಿಯವರ ಕೈ ತಾನೇ ತಾನಾಗಿ ಪಕ್ಕದ ಗೋಡೆಯ ಮೇಲಿತ್ತು.

“ಏಳೆಂಟು ತಿಂಗಳು ಅನ್ನಬಹುದು. ಒಂದು ವರ್ಷ ಅಂತ ನಾನು ಹೇಳಲಾರೆ,” ಎಂದರು ಡಾಕ್ಟರು.

ಅವರು ಆ ಮಾತನ್ನು ಹೆಂಡತಿಗೆ ಹೇಳಿದರು, ಮಗಳಿಗೆ ಹೇಳಲಿಲ್ಲ. ಅವಳಿಗೆ “ರಕ್ತ ಕಡಿಮೆಯಾಗಿದೆಯಂತೆ, ಔಷಧಿ ಕೊಟ್ಟಿದ್ದಾರೆ, ಸರಿಹೋಗುತ್ತೆ” ಎಂದರು. ಅವಳೂ ಹೆಚ್ಚು ಕೇಳಲಿಲ್ಲ. “ಸರಿ, ಹಾಗಾದ್ರೆ ಗಾರೆ ಯಾವಾಗ ಅಪ್ಪ?” ಎಂದಷ್ಟೇ ಕೇಳಿದಳು.

ಮರುದಿನ ಮೇಸ್ತ್ರಿಯವರು ತಮ್ಮನ್ನು ಯಾರೂ ಅರಿಯದ, ಊರಿನ ಇನ್ನೊಂದು ಕೊನೆಯ ಅಂಗಡಿಗೆ ಹೋದರು. ಕದ್ದು ಹೆಂಡ ತರುವವನ ಹಾಗೆ ಅತ್ತಿತ್ತ ನೋಡಿ, ಸಿಮೆಂಟಿನ ಚೀಲಗಳನ್ನು ತಳ್ಳುಗಾಡಿಗೆ ಹಾಕಿಸಿ, ಮೇಲೆ ಗೋಣಿತಾಟು ಹೊದಿಸಿ ತಂದರು. ಬೆಳಗ್ಗೆ ಮಗಳು ಏಳುವ ಮೊದಲೇ ಸುಣ್ಣಕ್ಕೆ ಬೆರೆಸಿದರು. ನಲವತ್ತು ವರ್ಷದ ಕಸುಬಿನಲ್ಲಿ ಅದು ಮೊದಲನೆಯ ಸಲ. ಬೆರೆಸುವಾಗ ಅವರ ಮನಸ್ಸು ಚೆನ್ನಾಗಿಯೇ ವಕೀಲಿಕೆ ಮಾಡಿತು: ಸ್ವಲ್ಪವೇ ತಾನೇ, ಮೇಲೆ ಸುಣ್ಣದ ತೆಳು ಪದರ ಬರುತ್ತದೆ, ಕಚ್ಚು ಚೆನ್ನಾಗಿ ಬಿದ್ದಿದೆ, ಹಿಡಿದುಕೊಳ್ಳುತ್ತದೆ.

ಮಗಳು ಬಂದು ಗಾರೆಯ ತೊಟ್ಟಿಯ ಮುಂದೆ ನಿಂತಳು. ಸುಣ್ಣದ ಗುಂಡಿಯ ದಡದಲ್ಲಿ ಆಡಿ ಬೆಳೆದವಳು.

“ಅಪ್ಪ, ಗಾರೆ ಯಾಕೆ ಬೂದಿ ಬಣ್ಣಕ್ಕಿದೆ?”

“ಮರಳು ಬೇರೆ ಕಡೇದಮ್ಮ.”

“ಓ,” ಎಂದಳು ಅವಳು. ಸ್ವಲ್ಪ ಹೊತ್ತು ಕರಣೆಯ ತುದಿಯಿಂದ ಗಾರೆಯನ್ನು ತಿರುವಿದಳು. ಆಮೇಲೆ, “ಒಳ್ಳೇ ಮರಳೇ ಸಿಕ್ಕಿದೆ ಬಿಡು,” ಎಂದು ನಕ್ಕಳು.

ಐದು ವಾರಕ್ಕೆ ಗೋಡೆ ಸಿದ್ಧವಾಯಿತು. ಮಗಳು ಸುಣ್ಣದ ತಿಳಿನೀರಿನಲ್ಲಿ ಅರೆದ ಬಣ್ಣಗಳಿಂದಲೇ ಬರೆದಳು. ಪ್ಲಾಸ್ಟಿಕ್ ಬಣ್ಣದ ಡಬ್ಬಿಯನ್ನು ಚೌಕದೊಳಕ್ಕೂ ಬಿಡಲಿಲ್ಲ. ಮೂರು ತಿಂಗಳು ಬರೆದಳು. ಮೊದಲು ಅಟ್ಟಣಿಗೆಯ ಮೆಟ್ಟಿಲನ್ನು ತಾನೇ ಹತ್ತಿದಳು, ಆಮೇಲೆ ಅಪ್ಪನ ಹೆಗಲು ಹಿಡಿದು ಹತ್ತಿದಳು, ಕೊನೆಗೆ ರಾಟೆಗೆ ಕಟ್ಟಿದ ಕುರ್ಚಿಯಲ್ಲಿ ಕೂತು ಏರಿದಳು. “ಗಾರೆ ಬಕೆಟ್ಟಿನ ಜಾಗಕ್ಕೆ ಬಂದೆ ನೋಡು ಅಪ್ಪ,” ಎನ್ನುತ್ತಿದ್ದಳು.

ಅವಳು ಬರೆದದ್ದು ಒಂದು ತಕ್ಕಡಿ. ಗೋಡೆಯ ಅಗಲಕ್ಕೂ ಚಾಚಿದ ದಂಡಿಗೆ. ಒಂದು ತಟ್ಟೆಯಲ್ಲಿ ಮೂಟೆಗಳು, ಗಾಡಿಗಾಲಿಗಳು, ಪೀಪಾಯಿಗಳು, ಪೇಟೆಯ ಸರಕೆಲ್ಲ ಬೆಟ್ಟವಾಗಿತ್ತು. ಇನ್ನೊಂದು ತಟ್ಟೆಯಲ್ಲಿ ಒಂದೇ ಒಂದು ಗಾರೆಯ ಕರಣೆ. ಆದರೆ ಕೆಳಗೆ ತೂಗಿದ್ದು ಕರಣೆಯ ತಟ್ಟೆ.

“ಏನಮ್ಮಾ ಇದು, ನನ್ನ ಕರಣೆ ಅಷ್ಟು ಭಾರಾನಾ?” ಎಂದರು ಮೇಸ್ತ್ರಿ.

“ದಿನಾ ಹೊತ್ತವಳಿಗೆ ಗೊತ್ತು,” ಎಂದಳು ಮಗಳು.

ಕೆಳಗೆ ಸಾಲಾಗಿ ನಿಂತು ತಲೆಯೆತ್ತಿ ನೋಡುವವರು ಬೀದಿಯ ಜನ. ಹಣ್ಣಿನಜ್ಜಿ ಬುಟ್ಟಿಯ ಸಮೇತ ಇದ್ದಳು. ಕ್ಷೌರದಂಗಡಿಯವರು ತಮ್ಮ ಹೊಟ್ಟೆಯನ್ನು ನೋಡಿ ಗೋಳಾಡಿದರು.

“ಎಡವಟ್ಟೂ, ಈ ಹೊಟ್ಟೆ ಯಾರದೇ? ನಂದಂತೂ ಅಲ್ಲ.”

“ಗಾರೆ ಅಲ್ಲಿ ಸ್ವಲ್ಪ ಉಬ್ಬಿತ್ತು ಮಾಮ. ಅಪ್ಪನ್ನ ಕೇಳಿ.”

“ಎಲ್ಲರೂ ಇದ್ದಾರೆ. ನೀನೆಲ್ಲಿ?” ಎಂದು ತಾಯಿ ಕೇಳಿದರು. ಅವಳು ಗೋಡೆಯ ನೆತ್ತಿಯನ್ನು ತೋರಿಸಿದಳು. ಅಲ್ಲಿ, ದಂಡಿಗೆಯ ನಡುವೆ, ತಕ್ಕಡಿಯನ್ನು ಎತ್ತಿ ಹಿಡಿದ ಒಂದು ಕೈ ಇತ್ತು. ಎಡಗೈ.

ಚಿತ್ರ ಮುಗಿದ ನಲವತ್ತನೆಯ ದಿನ ಮಗಳು ಹೋದಳು.

ಆಮೇಲೆ ಒಂಬತ್ತು ವರ್ಷ. ಆ ಚಿತ್ರ ಬೀದಿಯ ಮುಖವೇ ಆಯಿತು. ಯಾರಾದರೂ ದಾರಿ ಕೇಳಿದರೆ “ತಕ್ಕಡಿ ಗೋಡೆ ಹತ್ರ” ಎನ್ನುವುದು ರೂಢಿಯಾಯಿತು. ದೂರದವರು ಬಂದು ಫೋಟೋ ತೆಗೆದುಕೊಂಡು ಹೋದರು. ಮಕ್ಕಳು ಕರಣೆಯ ತಟ್ಟೆಯ ಕೆಳಗೆ ನಿಂತು ಅದನ್ನು ತಲೆಯ ಮೇಲೆ ಹೊತ್ತ ಹಾಗೆ ನಟಿಸಿದರು. ಮೇಸ್ತ್ರಿಯವರು ದಿನಕ್ಕೆರಡು ಸಲ ಆ ಚೌಕವನ್ನು ಹಾದುಹೋಗುತ್ತಿದ್ದರು. ನಿಂತು ನೋಡುತ್ತಿದ್ದರು. ಆದರೆ ಎಲ್ಲ ಗೋಡೆಯನ್ನೂ ತಟ್ಟುವ ಆ ಕೈ, ಅಲ್ಲಿ ಬಂದಾಗ ಮಾತ್ರ ಜೇಬಿನೊಳಗೆ ಇರುತ್ತಿತ್ತು. ಒಂದು ಸಲ ಕ್ಷೌರದಂಗಡಿಯ ಸ್ನೇಹಿತರು ಅದನ್ನು ಗಮನಿಸಿ, “ಇದೊಂದು ಗೋಡೆಗೆ ಮಾತ್ರ ಯಾಕಯ್ಯಾ ರಿಯಾಯಿತಿ?” ಎಂದದ್ದುಂಟು.

ಒಂಬತ್ತನೆಯ ವರ್ಷದ ಮಳೆ ನಿಂತ ಮೇಲೆ, ಒಂದು ಬೆಳಗ್ಗೆ ತಟ್ಟೆಯಗಲದ ಗಾರೆಯ ಹಕ್ಕಳೆ ಕಳಚಿ ಹಣ್ಣಿನಜ್ಜಿಯ ಬುಟ್ಟಿಯೊಳಕ್ಕೆ ಬಿತ್ತು. ಅಜ್ಜಿ ಆಗತಾನೆ ನೀರು ತರಲು ನಲ್ಲಿಯ ಹತ್ತಿರ ಹೋಗಿದ್ದಳು. ಐದಾರು ಕಿತ್ತಳೆ ಅಪ್ಪಚ್ಚಿಯಾದವು, ಅಷ್ಟೇ. “ನನ್ನ ತಲೆ ಕಿತ್ತಳೆಗಿಂತ ಗಟ್ಟಿ, ಬಿದ್ದಿದ್ರೂ ಏನಾಗ್ತಿರಲಿಲ್ಲ,” ಎಂದು ಅವಳು ನಗಾಡಿದಳು.

ಹಳೆಯ ಕಟ್ಟಡಗಳನ್ನು ಕಾಪಾಡುವ ಕಚೇರಿಯಿಂದ ಒಬ್ಬ ಇಂಜಿನಿಯರಮ್ಮ ಬಂದರು. ಮೂವತ್ತರ ಆಸುಪಾಸಿನ, ಮಾತು ಮೆತ್ತಗಿದ್ದ ಹೆಣ್ಣುಮಗಳು. ಗೋಡೆ ಗಟ್ಟಿಯಿದ್ದರೆ ಬಿದ್ದ ಜಾಗವನ್ನಷ್ಟೇ ಸರಿಮಾಡಿ ಚಿತ್ರವನ್ನು ಉಳಿಸುವುದು, ಪೊಳ್ಳಿದ್ದರೆ ಇಡೀ ಗಾರೆಯನ್ನು ಇಳಿಸುವುದು ಎಂದು ಅವರು ಚೌಕದಲ್ಲಿ ನೆರೆದವರಿಗೆ ಬಿಡಿಸಿ ಹೇಳಿದರು. ಪರೀಕ್ಷೆಗೆ ಯಂತ್ರವನ್ನು ತರಿಸಬಹುದಿತ್ತು. ಆದರೆ ತೂಕದ ಮನೆಯ ಹಳೆಯ ಕಡತಗಳಲ್ಲೆಲ್ಲ ಮೇಸ್ತ್ರಿಯವರ ಮನೆತನದ ಮಾತೇ ಪ್ರಮಾಣವಾಗಿತ್ತು.

“ನಿಮ್ಮ ಕಿವಿ ಮೇಲೆ ನಂಬಿಕೆ ಇದೆ ಮೇಸ್ತ್ರಿಯವರೇ. ನೀವು ಏನು ಹೇಳ್ತೀರೋ ಅದನ್ನೇ ಬರೀತೀನಿ,” ಎಂದರು. ಗೋಡೆಯ ಚಿತ್ರ ಯಾರದ್ದೆಂದು ಅವರಿಗೆ ತಿಳಿದಿರಲಿಲ್ಲ.

ತಟ್ಟುವ ದಿನ ಬೆಳಗ್ಗೆ ಕ್ಷೌರದಂಗಡಿಯವರು ಮೇಸ್ತ್ರಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು:

“ನೋಡಯ್ಯಾ, ಬೀದಿಯೋರೆಲ್ಲ ಸಹಿ ಹಾಕಿದೀವಿ. ಚಿತ್ರ ಉಳೀಬೇಕು. ನೀನು ಒಂದೇ ಒಂದು ಮಾತು ಹೇಳಿದ್ರೆ ಸಾಕು, 'ಗಟ್ಟಿ ಇದೆ' ಅಂತ. ಬುಡದಲ್ಲಿ ಬೇಲಿ ಹಾಕಿಸೋಣ. ಅಜ್ಜಿಗೆ ಬೇರೆ ಜಾಗ ನೋಡೋಣ.”

“ಬೇಲಿ ಹಾಕಿದ್ರೆ ಮಕ್ಕಳು ಹಾರಲ್ವೇನಯ್ಯಾ?”

“ನಿನಗೆ ಆ ಗೋಡೆ ಬೇಡ್ವಾ?”

ಮೇಸ್ತ್ರಿಯವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. “ಇವತ್ತು ಕ್ಷೌರ ಬೇಡ,” ಎಂದು ಎದ್ದು ಹೊರಟರು.

ಅಟ್ಟಣಿಗೆಯ ಮೇಲೆ ಮೇಸ್ತ್ರಿ. ಎರಡು ಮಾರು ಹಿಂದೆ, ಕೈಯಲ್ಲಿ ಕಾಗದ ಹಿಡಿದು ಇಂಜಿನಿಯರಮ್ಮ. ಗಟ್ಟಿಯಿದ್ದಲ್ಲಿ ಸೀಮೆಸುಣ್ಣದಿಂದ ಸೊನ್ನೆ, ಪೊಳ್ಳಿದ್ದಲ್ಲಿ ಕತ್ತರಿ ಗುರುತು. ಬುಡದ ಸಾಲಿನಲ್ಲಿ ಎರಡು ಸೊನ್ನೆ ಬಿದ್ದವು; ಅದು ತಾತನ ಕಾಲದ ಗಾರೆ. ಅಲ್ಲಿಂದ ಮೇಲೆ ಡಬ್, ಡಬ್, ಡಬ್. ಮೇಸ್ತ್ರಿಯವರು ಪ್ರತಿಸಲವೂ ಕೈ ತೆಗೆಯುವ ಮೊದಲೇ “ಪೊಳ್ಳು” ಎನ್ನುತ್ತಿದ್ದರು. ಹಾಗೆ ಹೇಳುತ್ತ ಹೇಳುತ್ತ ಕರಣೆಯ ತಟ್ಟೆಗೆ ಬಂದರು. ಇಡೀ ಗೋಡೆಯ ಭಾರ ನಿಂತಿದ್ದ ಜಾಗ ಅದು. ಅದು ಗಟ್ಟಿಯಿದ್ದರೆ, ಕಬ್ಬಿಣದ ಮೊಳೆ ಬಿಗಿದು ಉಳಿದದ್ದನ್ನು ಹಿಡಿಸಬಹುದು ಎಂದು ಇಂಜಿನಿಯರಮ್ಮ ಮೊದಲೇ ಹೇಳಿದ್ದರು.

ಮೇಸ್ತ್ರಿಯವರು ತಟ್ಟಿದರು.

ಕೇಳಿಸಿದ್ದು ಅವರೊಬ್ಬರಿಗೆ. ಕೈಯನ್ನು ಗೋಡೆಯ ಮೇಲೆ ಹಾಗೆಯೇ ಇಟ್ಟುಕೊಂಡರು. ಬಣ್ಣ ಬಿಸಿಲಿಗೆ ಬೆಚ್ಚಗಿತ್ತು. ಕೈ ತೆಗೆಯುವ ಮುಂಚೆ ಹೇಳಬೇಕು. ಕೈ ತೆಗೆಯದಿದ್ದರೆ ಹೇಳಬೇಕಾಗಿಲ್ಲವಲ್ಲ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಕೆಳಗೆ ಬೀದಿಯವರೆಲ್ಲ, ಚಿತ್ರದಲ್ಲಿ ಇದ್ದ ಹಾಗೆಯೇ, ತಲೆಯೆತ್ತಿ ನಿಂತಿದ್ದರು.

“ಏನಂತೆ ತಮ್ಮಾ ಗೋಡೆ?” ಎಂದು ಹಣ್ಣಿನಜ್ಜಿ ಕೂಗಿದಳು. ಎಲ್ಲರೂ ಬೇಡವೆಂದರೂ ಅವಳು ಮತ್ತೆ ತನ್ನ ಜಾಗದಲ್ಲೇ ಬುಟ್ಟಿ ಇಟ್ಟಿದ್ದಳು. “ನಾನು ಇಲ್ಲೇ ಕೂತ್ಕೋಬಹುದಾ?”

“ಬೇಡ ಅಕ್ಕಾ. ಏಳು ಅಲ್ಲಿಂದ,” ಎಂದರು ಮೇಸ್ತ್ರಿ. “ಪೊಳ್ಳು.”

ಆಮೇಲೆ ಕೈ ತೆಗೆದರು.

ಕೆಳಗಿಳಿದಾಗ ಕ್ಷೌರದಂಗಡಿಯವರು ಮುಖ ತಿರುಗಿಸಿಕೊಂಡು ಹೊರಟುಹೋಗಿದ್ದರು. ಇಂಜಿನಿಯರಮ್ಮ ಕಲ್ಲು ಬೆಂಚಿನ ಮೇಲೆ ಕೂತು ವರದಿ ಬರೆಯುತ್ತ, ಬರೆದದ್ದನ್ನು ಮೆತ್ತಗೆ ಓದುತ್ತಿದ್ದರು: “ಗೋಡೆಯ ಮೇಲೆ ಚಿತ್ರ ಬರೆದ ಕಾರಣದಿಂದ, ತೇವ ಹೊರಹೋಗಲು ದಾರಿಯಿಲ್ಲದೆ... ಪಾಪ, ಬರೆದವರಿಗೆ ಹಳೆಯ ಗೋಡೆಯ ವಿಚಾರ ಗೊತ್ತಿರಲಿಕ್ಕಿಲ್ಲ ಅಲ್ವಾ ಮೇಸ್ತ್ರಿಯವರೇ?”

“ಅದನ್ನ ಹೊಡೆದುಹಾಕಿ ತಾಯಿ.”

“ಯಾವುದನ್ನ?”

“ಚಿತ್ರದ್ದು ತಪ್ಪಿಲ್ಲ. ಬಣ್ಣ ಸುಣ್ಣದ್ದೇ, ಅದು ಉಸಿರಾಡುತ್ತೆ. ಬರೆದವಳಿಗೆ ಗೋಡೆ ವಿಚಾರ ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಗಾರೆಗೆ ಸಿಮೆಂಟು ಬೆರೆಸಿದೆ. ಅದು ತೇವಾನ ಒಳಗೇ ಹಿಡಿದಿಟ್ಟು, ಇಟ್ಟಿಗೆ ಬಿಟ್ಟು ಎದ್ದಿದೆ. ಬೆರೆಸಿದವನು ನಾನು. ನನ್ನ ಹೆಸರು ಬರೀರಿ.”

ಅವರ ಲೇಖನಿ ನಿಂತಿತು. “ನೀವಾ? ಸುಣ್ಣದ ಗೋಡೆಗೆ? ಯಾಕೆ?”

“ಅವಸರ ಇತ್ತು ತಾಯಿ,” ಎಂದರು ಮೇಸ್ತ್ರಿ. ಚೌಕದಲ್ಲಿದ್ದ ಬೇರೆ ಯಾರೋ ಆಮೇಲೆ ಇಂಜಿನಿಯರಮ್ಮನಿಗೆ ಎಲ್ಲವನ್ನೂ ತಿಳಿಸಿದರು.

ಮನೆಗೆ ಬಂದು ಕೈ ತೊಳೆಯದೆ ಕುಳಿತ ಗಂಡನ ಮುಂದೆ ಹೆಂಡತಿ ನೀರಿನ ಚೊಂಬು ಇಟ್ಟರು.

“ಹೇಳಿಬಿಟ್ರಾ?”

“ಹೇಳಿದೆ. ಸಿಮೆಂಟಿನ ವಿಷಯಾನೂ ಹೇಳಿದೆ. ನಿನಗೂ ಹೇಳಿರಲಿಲ್ಲ ನಾನು. ಅವಳಿಗೂ ಸುಳ್ಳು ಹೇಳಿದೆ ಕಣೇ. ಬೇರೆ ಮರಳು ಅಂದೆ. ನಂಬಿದಳು ಪಾಪ.”

ಹೆಂಡತಿ ಸೆರಗಿನ ತುದಿಯನ್ನು ಮಡಚಿದರು, ಬಿಚ್ಚಿದರು.

“ನಂಬಿದಳು ಅಂದ್ಕೊಂಡ್ರಾ? ಅವತ್ತು ಮಧ್ಯಾಹ್ನ ಊಟಕ್ಕೆ ಬಂದವಳು ತಟ್ಟೆ ಮುಂದೆ ಕೂತು ಹೇಳಿದಳು. 'ಅಮ್ಮಾ, ಅಪ್ಪ ಗಾರೆಗೆ ಸಿಮೆಂಟು ಹಾಕಿದಾನೆ. ಹಾಗಾದ್ರೆ ನನಗೆ ಒಂದು ವರ್ಷ ಇಲ್ಲ' ಅಂತ.”

ಮೇಸ್ತ್ರಿಯವರು ತಲೆಯೆತ್ತಲಿಲ್ಲ.

“ಅಪ್ಪನಿಗೆ ಹೇಳಬೇಡ ಅಂದಳು. 'ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದಾನೆ, ಸುಮ್ನೆ ಇರು' ಅಂದಳು. ಆಮೇಲೆ ಊಟ ಮಾಡಿದಳು. ಎರಡನೇ ಸಲ ಬಡಿಸಿಕೊಂಡಳು.”

ಡಾಕ್ಟರು ಅವಳಿಗೆ ಹೇಳದೆ ಉಳಿಸಿದ್ದನ್ನು, ತಾಯಿತಂದೆ ನುಂಗಿಕೊಂಡದ್ದನ್ನು, ಅವರ ಗಾರೆ ಹೇಳಿಬಿಟ್ಟಿತ್ತು. ಒಂದು ತೊಟ್ಟಿ ಬೂದಿ ಬಣ್ಣದಲ್ಲಿ ಮಗಳು ತನ್ನ ಆಯುಷ್ಯವನ್ನು ಓದಿಕೊಂಡಿದ್ದಳು. ಓದಿಕೊಂಡು, ಒಳ್ಳೆಯ ಮರಳು ಎಂದು ನಕ್ಕಿದ್ದಳು. ಮೇಸ್ತ್ರಿಯವರು ಅಂದು ಅತ್ತರು. ಮಗಳು ಹೋದ ದಿನ ಅವರು ಹಾಗೆ ಅತ್ತಿರಲಿಲ್ಲ.

ಇಂಜಿನಿಯರಮ್ಮ ಚಿತ್ರದ ಪ್ರತಿಯೊಂದು ಮೊಳವನ್ನೂ ಫೋಟೋ ತೆಗೆಸಿದರು. ಇಳಿಸುವ ಕೆಲಸಕ್ಕೆ ಬೇರೆ ಆಳುಗಳನ್ನು ಗೊತ್ತುಮಾಡುತ್ತೇನೆಂದರು. ಮೇಸ್ತ್ರಿಯವರು ಒಪ್ಪಲಿಲ್ಲ. “ಹಾಕಿದವನೇ ತೆಗೀಬೇಕು,” ಎಂದರು. ತೆಗೆಯಲು ಕಷ್ಟವೇನೂ ಆಗಲಿಲ್ಲ. ಅದೇ ದೊಡ್ಡ ಕಷ್ಟವಾಗಿತ್ತು. ಉಳಿ ತಾಗಿಸಿದರೆ ಸಾಕು, ಹಕ್ಕಳೆಗಳು ಹಳೆಯ ಪುಸ್ತಕದ ಹಾಳೆಗಳಂತೆ ಕಳಚಿ ಬರುತ್ತಿದ್ದವು. ಮೂಟೆಗಳು ಹೋದವು, ಗಾಲಿಗಳು ಹೋದವು. ಕ್ಷೌರದಂಗಡಿಯವರ ಹೊಟ್ಟೆಯ ಸರದಿ ಬಂದಾಗ ಅವರೇ ಬಂದು ಅಟ್ಟಣಿಗೆಯ ಕೆಳಗೆ ನಿಂತಿದ್ದರು. ಮೂರು ವಾರದಿಂದ ಮೇಸ್ತ್ರಿಯವರೊಡನೆ ಮಾತು ಬಿಟ್ಟವರು.

“ಹೊಟ್ಟೆ ಹುಷಾರು ಕಣಯ್ಯಾ,” ಎಂದರು. “ಅದೊಂದೇ ಗಟ್ಟಿ ಇದ್ದದ್ದು.”

ಮೇಲಿನ ಎಡಗೈಯನ್ನು ಮೇಸ್ತ್ರಿಯವರು ಕೊನೆಗೆ ಉಳಿಸಿಕೊಂಡಿದ್ದರು. ಅದನ್ನು ಇಡಿಯಾಗಿ ತೆಗೆಯಬಹುದೇನೋ ಎಂದು ಸುತ್ತಲೂ ಬಟ್ಟೆ ಅಂಟಿಸಿ, ಹಲಗೆ ಕೊಟ್ಟು, ಎರಡು ದಿನ ಹೆಣಗಿದರು. ಅದು ಅವರ ಅಂಗೈಯ ಮೇಲೆಯೇ ಪುಡಿಯಾಯಿತು. ಒಂದು ಬೆರಳೂ ಉಳಿಯಲಿಲ್ಲ.

ಗೋಡೆ ಬೋಳಾಯಿತು. ಒಳಗೆ ಕಟ್ಟಿದ್ದ ಉಪ್ಪಿನ ಪುಡಿಯನ್ನು ಮೇಸ್ತ್ರಿಯವರು ಒಣ ಕುಂಚದಿಂದ ಸಾಲು ಸಾಲಾಗಿ ಗುಡಿಸುತ್ತ ಬಂದರು. ಗುಡಿಸುತ್ತಿದ್ದ ಕೈ ನಿಂತಿತು. ಕೆಂಪು ಇಟ್ಟಿಗೆಯ ಮೈಮೇಲೆ ಕಚ್ಚುಗಳು ಎದ್ದುಬಂದಿದ್ದವು. ಒಂದಿಷ್ಟು ಬಲಕ್ಕೆ ವಾಲಿದವು. ಒಂದಿಷ್ಟು ಎಡಕ್ಕೆ ವಾಲಿದವು. ಹನ್ನೊಂದು ದಿನದ ಕಚ್ಚುಗಳು. ಹತ್ತನೆಯ ದಿನದ ಹೊತ್ತಿಗೆ ಎಡದವು ಆಳವಿಲ್ಲದೆ ಮೇಲುಮೇಲಾಗಿದ್ದವು. ಹನ್ನೊಂದನೆಯ ದಿನದವು ಬರೀ ಗೀರುಗಳು. ಆಗ ಪಕ್ಕದಲ್ಲೇ ನಿಂತಿದ್ದೂ ಅವರಿಗೆ ಅದು ಕಂಡಿರಲಿಲ್ಲ.

ಅವರು ಹೆಂಡತಿಯನ್ನು ಕರೆಸಿದರು. ಎಪ್ಪತ್ತರ ಸಮೀಪದ ಆಕೆ ಅಟ್ಟಣಿಗೆ ಹತ್ತಿ ಬಂದು, ಎಡಕ್ಕೆ ವಾಲಿದ ಒಂದೊಂದು ಕಚ್ಚಿನೊಳಗೂ ಬೆರಳ ತುದಿಯನ್ನು ಇಟ್ಟು ನೋಡಿದರು.

“ಇದನ್ನ ಹೀಗೇ ಬಿಡೋಕಾಗಲ್ವಾ?” ಎಂದು ಕೊನೆಗೆ ಕೇಳಿದರು.

“ಬಿಟ್ಟರೆ ಮಳೆಗೆ ಇಟ್ಟಿಗೆ ಕರಗುತ್ತೆ. ಮುಚ್ಚಬೇಕು,” ಎಂದರು ಮೇಸ್ತ್ರಿ. “ಸುಣ್ಣ ನಿಲ್ಲೋದು ಇದರಿಂದಾನೇ. ಅವಳು ಹೊಡೆದದ್ದು ಸರಿಯಾಗೇ ಇತ್ತು. ಹಾಕಿದ್ದು ಸರಿ ಇರಲಿಲ್ಲ.”

ಬಲಕ್ಕೆ ವಾಲಿದ ತಮ್ಮ ಕಚ್ಚುಗಳಲ್ಲಿ ಸವೆದವನ್ನು ಅವರು ಮತ್ತೆ ಹೊಡೆದು ಹರಿತ ಮಾಡಿದರು. ಎಡದವನ್ನು ಮುಟ್ಟಲಿಲ್ಲ. ಹಿತ್ತಲ ಗುಂಡಿಯಿಂದ ಬೆಣ್ಣೆಯಂತಹ ಸುಣ್ಣ ಬಂತು. ಇಟ್ಟಿಗೆಗೆ ನೀರು ಚಿಮುಕಿಸಿ, ಬುಡದಿಂದ ಹಾಕುತ್ತ ಮೇಲೇರಿದರು. ಬಿಳಿ ಗಾರೆ ಕಚ್ಚುಗಳೊಳಗೆ ಇಳಿದು, ತುಂಬಿ, ಅವುಗಳನ್ನು ಮುಚ್ಚಿತು. ನೆತ್ತಿಯ ಕೊನೆಯ ಚೌಕದಲ್ಲಿ ಇದ್ದದ್ದೆಲ್ಲ ಮಗಳ ಕಚ್ಚುಗಳೇ. ಅಲ್ಲಿ ಮೇಸ್ತ್ರಿಯವರ ಕೈ ಏಳಲಿಲ್ಲ. ಹೆಂಡತಿ ಅವರ ಕೈಯಿಂದ ಕರಣೆ ತೆಗೆದುಕೊಂಡು, ಅದರಲ್ಲಿ ಗಾರೆ ಎತ್ತಿ, ಮತ್ತೆ ಅವರ ಕೈಗೆ ಇಟ್ಟರು. ಆಮೇಲೆ ಮೇಸ್ತ್ರಿಯವರು ಅದನ್ನೂ ಮುಚ್ಚಿದರು.

ಇಳಿದು ಬಂದು ಕೈ ತೊಳೆಯುತ್ತಿದ್ದಾಗ ಹಣ್ಣಿನಜ್ಜಿ ನಲ್ಲಿಯ ಹತ್ತಿರ ಬಂದಳು. ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಿಳಿಯ ಗೋಡೆಯನ್ನು ನೋಡಿದಳು.

“ಇದು ಒಣಗೋದು ಯಾವಾಗ ತಮ್ಮಾ?”

“ಒಂದು ವರ್ಷ ಬೇಕು ಅಕ್ಕಾ.”

“ಅಯ್ಯೋ, ಒಂದು ವರ್ಷಾನಾ!” ಎಂದಳು ಅಜ್ಜಿ. “ಸ್ವಲ್ಪ ಸಿಮೆಂಟು ಹಾಕಿದ್ರೆ ಬೇಗ ಆಗ್ತಿತ್ತಲ್ಲೋ.”

“ಆಗ್ತಿತ್ತು,” ಎಂದರು ಮೇಸ್ತ್ರಿ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಒಮ್ಮೆ ಗೋಡೆಯ ನೆತ್ತಿಯ ಕಡೆಗೆ ನೋಡಿದರು. “ಈಗ ಅವಸರ ಇಲ್ಲ ಅಕ್ಕಾ.”